ಬೋರ್‌ವೆಲ್ ಯಾವ ಗ್ರೂಪಿಗೆ?

ಸೀಲಿಂಗ್ ಫ್ಯಾನು ಕುರ್ಚಿ-ಮೇಜುಗಳ ಸಾಲಿಗೆ ಸೇರುತ್ತದೆ. ಅದೇ ಕೋಣೆಯ ಗೋಡೆಯ ಮೇಲಿರುವ ಏಸಿ ಯಂತ್ರಗಳ ಸಾಲಿಗೆ. ಹಿತ್ತಲಲ್ಲಿ ಕೊರೆಸಿದ ಬೋರ್‌ವೆಲ್ ಕಟ್ಟಡಗಳ ಸಾಲಿಗೆ, ಅದರೊಳಗೆ ಇಳಿಬಿಟ್ಟ ಪಂಪು ಮತ್ತೆ ಯಂತ್ರಗಳ ಸಾಲಿಗೆ. ಯಾರೋ ಆತುರದಲ್ಲಿ ಗೀಚಿದ ಪಟ್ಟಿಯಲ್ಲ ಇದು. 1962ರ ಆದಾಯ ತೆರಿಗೆ ನಿಯಮಗಳಿಗೆ ಲಗತ್ತಿಸಿದ ಸವಕಳಿ ದರಗಳ ಪಟ್ಟಿಯನ್ನು ಅದರ ಟಿಪ್ಪಣಿಗಳ ಸಮೇತ ಓದಿದರೆ ಸಿಗುವ ವಿಂಗಡಣೆ. ವೈರಿಂಗ್, ಸ್ವಿಚ್ಚು, ಸಾಕೆಟ್ಟು, ಫ್ಯಾನುಗಳನ್ನೆಲ್ಲ ಆ ಟಿಪ್ಪಣಿ ವಿದ್ಯುತ್ ಫಿಟ್ಟಿಂಗ್ ಎಂದು ಕರೆದು, ಪೀಠೋಪಕರಣದ ಜೊತೆ ಶೇ 10ರ ದರದಲ್ಲಿ ಕೂರಿಸಿದೆ. ರಸ್ತೆ, ಸೇತುವೆ, ಮೋರಿ, ಬಾವಿ, ಕೊಳವೆಬಾವಿ ಎಲ್ಲವೂ ಅದರ ಕಣ್ಣಿಗೆ ಕಟ್ಟಡವೇ.

ಈಗ ಕಂಪನಿ ಕಾಯ್ದೆಯ ಕಡೆ ತಿರುಗಿ. 2013ರ ಕಾಯ್ದೆಯ ಎರಡನೇ ಷೆಡ್ಯೂಲಿನ ಪ್ರಕಾರ ಕಾರ್ಖಾನೆಯಲ್ಲದ ಆರ್‌ಸಿಸಿ ಕಟ್ಟಡದ ಆಯುಸ್ಸು 60 ವರ್ಷ. ಅದರ ಪಕ್ಕದ ಬೋರ್‌ವೆಲ್ಲಿನದು 5 ವರ್ಷ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಆ 5 ವರ್ಷವೂ ಧಾರಾಳವೆನಿಸಬಹುದು. ಇತ್ತ ತೆರಿಗೆಯ ಲೆಕ್ಕದಲ್ಲಿ ಅದೇ ಬೋರ್‌ವೆಲ್ ಪ್ರತಿ ವರ್ಷ ಉಳಿದ ಮೌಲ್ಯದ ಶೇ 10ರಂತೆ ಸವೆಯುತ್ತಾ ಹೋಗುತ್ತದೆ. ಒಂದೇ ತೂತು, ಎರಡು ಆಯುಸ್ಸು.

ಇಂಥ ಹೊತ್ತಲ್ಲೇ ಅಕೌಂಟ್ಸ್ ಹುಡುಗ ಬಿಲ್ಲು ಹಿಡಿದು ಬಂದು ‘ಸಾರ್, ಇದನ್ನ ಯಾವ ಗ್ರೂಪಿಗೆ ಹಾಕ್ಲಿ?’ ಎಂದು ಕೇಳುವುದು. ಸಣ್ಣ ಉದ್ಯಮಗಳಲ್ಲಿ ಅವನಿಗೆ ಸಿಗುವ ಉತ್ತರ ಬಹುತೇಕ ಒಂದೇ: ‘ಫಿಕ್ಸೆಡ್ ಅಸೆಟ್ಸ್‌ಗೆ ಹಾಕಿಡು, ಮಾರ್ಚ್‌ನಲ್ಲಿ ಆಡಿಟರ್ ನೋಡ್ಕೋತಾರೆ.’ ಆ ದಿನಕ್ಕೆ ಅದರಿಂದ ಏನೂ ಕೆಡುವುದಿಲ್ಲ. ಲೆಕ್ಕ ತಾಳೆಯಾಗುತ್ತದೆ, ಬ್ಯಾಲೆನ್ಸ್ ಶೀಟು ಕೂಡುತ್ತದೆ. ಸ್ಥಿರ ಆಸ್ತಿಯ ವಿಂಗಡಣೆ ಸರಿಯಿತ್ತೋ ಇಲ್ಲವೋ ಎಂಬುದು ಗೊತ್ತಾಗುವುದು ವಸ್ತುವನ್ನು ಕೊಂಡ ದಿನವಲ್ಲ. ಅದನ್ನು ಮಾರಿದ ದಿನ, ಗುಜರಿಗೆ ಹಾಕಿದ ದಿನ, ಇನ್ನೊಂದು ಶಾಖೆಗೆ ಸಾಗಿಸಿದ ದಿನ. ಅಷ್ಟರಲ್ಲಿ ಆ ಹುಡುಗ ಬೇರೆ ಕೆಲಸಕ್ಕೆ ಸೇರಿರುತ್ತಾನೆ.

ನಮ್ಮಲ್ಲಿ ಈ ಪ್ರಶ್ನೆ ಹೆಚ್ಚಾಗಿ ಹುಟ್ಟುವುದು ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದ ಮುಂದೆ. ಟ್ಯಾಲಿ ಬೆಂಗಳೂರಿನ ಕೂಸು. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಪ್ಯೂಟ್ರಾನಿಕ್ಸ್ ಎಂಬ ಹೆಸರಲ್ಲಿ ಕಟ್ಟಿದ ಕಂಪನಿ ಮುಂದೆ ಟ್ಯಾಲಿ ಸೊಲ್ಯೂಷನ್ಸ್ ಆಯಿತು; ಭರತ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಖಾತೆಗೆ ಸಂಕೇತ ಸಂಖ್ಯೆ ಬೇಕಿಲ್ಲ, ಹೆಸರೇ ಸಾಕು ಎನ್ನುವುದು ಅದು ಅಂಗಡಿ ಅಂಗಡಿಗೂ ನುಗ್ಗಿದ್ದರ ಗುಟ್ಟುಗಳಲ್ಲೊಂದು. ಹೊಸ ಕಂಪನಿ ತೆರೆದ ಕೂಡಲೇ ಅದರಲ್ಲಿ 28 ಸಿದ್ಧ ಗ್ರೂಪುಗಳಿರುತ್ತವೆ, 15 ಮೂಲ ಗ್ರೂಪು, 13 ಮರಿ ಗ್ರೂಪು. ಚಾಲ್ತಿ ಆಸ್ತಿಯ ಕೆಳಗೆ ಆರು ಮರಿಗಳು ಮೊದಲೇ ಕೂತಿವೆ: ಬ್ಯಾಂಕು, ನಗದು, ಠೇವಣಿ, ಕೊಟ್ಟ ಸಾಲ, ದಾಸ್ತಾನು, ಬರಬೇಕಾದ ಬಾಕಿ. ‘ಫಿಕ್ಸೆಡ್ ಅಸೆಟ್ಸ್’ ಕೆಳಗೆ? ಒಂದೂ ಇಲ್ಲ. ಬರೀ ಖಾಲಿ.

ಇದನ್ನು ತಂತ್ರಾಂಶದ ದೋಷವೆಂದು ದೂರಬೇಕಿಲ್ಲ. ಬೇಕರಿಯವನಿಗೆ ಬೇಕಾದ ವಿಂಗಡಣೆ ಬಸ್ಸಿನ ಮಾಲೀಕನಿಗೆ ಬೇಡ, ಆಸ್ಪತ್ರೆಗೆ ಬೇಕಾದದ್ದು ಕಾಫಿ ತೋಟಕ್ಕೆ ಬೇಡ. ಆದರೆ ಖಾಲಿ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ಮೊದಲ ವರ್ಷ ‘ಕಂಪ್ಯೂಟರ್’ ಎಂಬ ಲೆಡ್ಜರ್ ಹುಟ್ಟುತ್ತದೆ. ಮರುವರ್ಷ ಬಂದವನಿಗೆ ಅದು ಕಾಣದೆ ‘ಕಂಪ್ಯೂಟರ್ಸ್ ಅಕೌಂಟ್’ ತೆರೆಯುತ್ತಾನೆ. ಮೂರನೆಯವನು ಬಿಲ್ಲಿನಲ್ಲಿದ್ದಂತೆ ಕಂಪನಿಯ ಹೆಸರು ಸೇರಿಸಿ ಇನ್ನೊಂದು. ಯುಪಿಎಸ್ ಒಮ್ಮೆ ಕಂಪ್ಯೂಟರಿನ ಜೊತೆ, ಒಮ್ಮೆ ಕಚೇರಿ ಉಪಕರಣದ ಜೊತೆ, ಒಮ್ಮೆ ರಿಪೇರಿ ಖರ್ಚಿನಲ್ಲಿ. ಸಂಕೇತ ಸಂಖ್ಯೆ ಇಲ್ಲದ ಕಡೆ ಹೆಸರೇ ಗುರುತು. ಹೆಸರಿಗೆ ಶಿಸ್ತಿಲ್ಲದಿದ್ದರೆ ಗುರುತೂ ಇಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಹಾಸನದಲ್ಲಿ ಪ್ರೈವೇಟ್ ಲಿಮಿಟೆಡ್ ಆಗಿರುವ ಒಂದು ಬೇಕರಿ ಅಂದುಕೊಳ್ಳಿ. ಸ್ವಂತ ಜಾಗದಲ್ಲಿ ಬೇಕಿಂಗ್ ಹಾಲು, ಊರೊಳಗೆ ಎರಡು ಬಾಡಿಗೆ ಮಳಿಗೆ. ಎರಡು ಓವನ್, ಹಿಟ್ಟು ಕಲಸುವ ಮಿಕ್ಸರು, ಜನರೇಟರು, ಗಾಜಿನ ಕೌಂಟರು, ಸರಕು ಸಾಗಿಸುವ ವ್ಯಾನು, ನಿರ್ದೇಶಕರ ಕಾರು, ಬಿಲ್ಲಿಂಗ್ ಕಂಪ್ಯೂಟರು, ಸಿಸಿಟಿವಿ, ಮಾಳಿಗೆ ಮೇಲೆ ಸೋಲಾರು, ಹಿತ್ತಲಲ್ಲಿ ಆ ಬೋರ್‌ವೆಲ್.

ಅನೇಕ ಕಡೆ ಕಾಣುವ ಪದ್ಧತಿಯೆಂದರೆ ತೆರಿಗೆ ದರದ ಹೆಸರಿನಲ್ಲೇ ಲೆಡ್ಜರ್ ತೆರೆಯುವುದು: ‘ಮೆಷಿನರಿ 15%’, ‘ಫರ್ನಿಚರ್ 10%’, ‘ಕಂಪ್ಯೂಟರ್ 40%’. ಮಾರ್ಚಿನಲ್ಲಿ ಸವಕಳಿ ಲೆಕ್ಕ ಹಾಕಲು ಇದಕ್ಕಿಂತ ಸುಲಭದ ದಾರಿ ಇಲ್ಲ, ಮೊತ್ತಕ್ಕೆ ದರ ಗುಣಿಸಿದರೆ ಆಯಿತು. ಆದಾಯ ತೆರಿಗೆ ಕಾನೂನೇ ಇದಕ್ಕೆ ದಾರಿ ಮಾಡಿಕೊಟ್ಟಿದೆ. 1988ರ ಏಪ್ರಿಲ್‌ನಿಂದ ಜಾರಿಗೆ ಬಂದ ಬ್ಲಾಕ್ ಪದ್ಧತಿಯಲ್ಲಿ ಒಂದೇ ಬಗೆಯ, ಒಂದೇ ದರದ ಆಸ್ತಿಗಳೆಲ್ಲ ಒಂದೇ ಮೊತ್ತದಲ್ಲಿ ಕರಗುತ್ತವೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಬ್ಲಾಕ್ ಉಳಿದುಕೊಂಡಿದೆ. ತೆರಿಗೆಯ ಮಟ್ಟಿಗೆ ಅದು ಜಾಣತನದ ಏರ್ಪಾಡೇ. ಒಂದೊಂದು ಮಿಕ್ಸರಿನ ಜಾತಕ ಹುಡುಕುತ್ತಾ ಅಧಿಕಾರಿಯೂ ಕೂರಬೇಕಿಲ್ಲ, ಮಾಲೀಕನೂ ಕೂರಬೇಕಿಲ್ಲ.

ಆದರೆ ದರಗಳು ಬದಲಾಗುತ್ತವೆ, ಓವನ್ ಓವನ್ನಾಗಿಯೇ ಇರುತ್ತದೆ. ಸಾಮಾನ್ಯ ಯಂತ್ರಗಳ ದರ 2005ರವರೆಗೆ ಶೇ 25 ಇತ್ತು, ಆಮೇಲೆ 15ಕ್ಕೆ ಇಳಿಯಿತು. ಕಂಪ್ಯೂಟರಿಗೆ ಶೇ 60 ಇದ್ದದ್ದು 2017ರಲ್ಲಿ 40 ಆಯಿತು. ‘ಕಂಪ್ಯೂಟರ್ 60%’ ಎಂಬ ಲೆಡ್ಜರಿನಲ್ಲಿ ಶೇ 40ರ ಸವಕಳಿ ಬರೆಯುತ್ತಿರುವ ಪುಸ್ತಕಗಳು ಈಗಲೂ ಇವೆ. ಅದಕ್ಕಿಂತ ಮುಖ್ಯವಾದದ್ದು: ಕಂಪನಿ ಕಾಯ್ದೆಗೆ ಈ ದರಗಳೇ ಬೇಡ. 2014ರ ಏಪ್ರಿಲ್‌ನಿಂದ ಅದು ದರದ ಭಾಷೆ ಬಿಟ್ಟು ಆಯುಸ್ಸಿನ ಭಾಷೆ ಹಿಡಿದಿದೆ. ಸಾಮಾನ್ಯ ಯಂತ್ರ 15 ವರ್ಷ, ಪೀಠೋಪಕರಣ 10, ಆದರೆ ಹೋಟೆಲು-ಶಾಲೆಗಳ ಪೀಠೋಪಕರಣ 8. ವ್ಯಾನು, ಕಾರು 8, ಸ್ಕೂಟರು 10. ಕಚೇರಿ ಉಪಕರಣ 5. ಮೇಜಿನ ಮೇಲಿನ ಕಂಪ್ಯೂಟರು 3, ಸರ್ವರು 6. ಕೊನೆಗೆ ಉಳಿಯುವ ಗುಜರಿ ಮೌಲ್ಯ ಸಾಮಾನ್ಯವಾಗಿ ಮೂಲ ಬೆಲೆಯ ಶೇ 5 ಮೀರಬಾರದು. ಬೇಕರಿಯ ಕಂಪ್ಯೂಟರೂ ಸರ್ವರೂ ತೆರಿಗೆಗೆ ಒಂದೇ ಬ್ಲಾಕ್, ಕಂಪನಿ ಕಾಯ್ದೆಗೆ ಎರಡು ಬೇರೆ ಆಯುಸ್ಸು. ಮಾಳಿಗೆಯ ಸೋಲಾರಿಗೆ ತೆರಿಗೆಯಲ್ಲಿ ಶೇ 40, ಕಂಪನಿ ಲೆಕ್ಕದಲ್ಲಿ ಅದು ಇನ್ನೊಂದು ಯಂತ್ರ ಅಷ್ಟೆ.

ಜಿಎಸ್‌ಟಿ ಮೂರನೆಯ ಯಜಮಾನ. ಸರಕಿನ ವ್ಯಾನಿಗೆ ಕಟ್ಟಿದ ಜಿಎಸ್‌ಟಿಯ ಕ್ರೆಡಿಟ್ ಸಿಗುತ್ತದೆ, ಹಾಗಾಗಿ ಅದು ವ್ಯಾನಿನ ಬೆಲೆಗೆ ಸೇರುವಂತಿಲ್ಲ. ಸೇರಿಸಿ ಸವಕಳಿ ಪಡೆದರೆ ಕ್ರೆಡಿಟ್ ಕಳೆದುಕೊಳ್ಳುತ್ತೀರಿ. ನಿರ್ದೇಶಕರ ಕಾರಿಗೆ ಕ್ರೆಡಿಟ್ ಇಲ್ಲ, ಹಾಗಾಗಿ ತೆರಿಗೆಯೂ ಸೇರಿ ಕಾರಿನ ಬೆಲೆ. ಎರಡೂ ವಾಹನ, ಎರಡಕ್ಕೂ ಶೇ 15, ಎರಡಕ್ಕೂ 8 ವರ್ಷ, ಆದರೂ ಬಿಲ್ಲನ್ನು ಪುಸ್ತಕಕ್ಕೆ ಏರಿಸುವ ರೀತಿ ಬೇರೆ.

ಇಷ್ಟು ಜನ ಯಜಮಾನರಿರುವಾಗ ಯಾರೊಬ್ಬರ ಮಾತಿಗೂ ಮೂಲ ವಿಂಗಡಣೆಯನ್ನು ಒಪ್ಪಿಸಬಾರದು ಎನ್ನುವುದು ನನ್ನ ಪಕ್ಷ. ಗ್ರೂಪು ಹುಟ್ಟಬೇಕಾದದ್ದು ವಸ್ತುವಿನ ಸ್ವಭಾವದಿಂದ. ಜಮೀನು, ಕಟ್ಟಡ, ಯಂತ್ರೋಪಕರಣ, ಪೀಠೋಪಕರಣ, ವಾಹನ, ಕಚೇರಿ ಉಪಕರಣ, ಕಂಪ್ಯೂಟರು—ಕಂಪನಿಗಳ ಬ್ಯಾಲೆನ್ಸ್ ಶೀಟಿನ ನಮೂನೆ ಕೊಡುವ ಮೂರನೇ ಷೆಡ್ಯೂಲೂ ಸುಮಾರಾಗಿ ಹೀಗೇ ಕೇಳುತ್ತದೆ. ಗ್ರೂಪಿನ ಕೆಳಗಿನ ಲೆಡ್ಜರಿನ ಹೆಸರು ವಸ್ತುವಿನದು: ‘ಓವನ್ 02, ಬೇಕಿಂಗ್ ಹಾಲ್, 2019’. ದರ, ಆಯುಸ್ಸು, ಜಿಎಸ್‌ಟಿ ಇವೆಲ್ಲ ಆ ವಸ್ತುವಿಗೆ ಅಂಟಿಸುವ ಚೀಟಿಗಳು. ಚೀಟಿ ಬದಲಾದರೆ ಹೊಸ ಚೀಟಿ ಅಂಟಿಸಬಹುದು. ವಸ್ತುವನ್ನೇ ಚೀಟಿಯೊಳಗೆ ಕರಗಿಸಿಬಿಟ್ಟರೆ ಹಿಂದಕ್ಕೆ ತೆಗೆಯಲಾಗದು.

ಹಾಗೆಂದು ನಲವತ್ತು ಪ್ಲಾಸ್ಟಿಕ್ ಕುರ್ಚಿಗೆ ನಲವತ್ತು ಲೆಡ್ಜರ್ ತೆರೆಯಬೇಕೇ? ಬೇಡ. ಒಟ್ಟಿಗೆ ಕೊಂಡು ಒಟ್ಟಿಗೆ ಸವೆಯುವುದನ್ನು ಒಂದೇ ಲೆಡ್ಜರಿನಲ್ಲಿಡಬಹುದು, ಎಷ್ಟು ಎಂಬುದು ರಿಜಿಸ್ಟರಿನಲ್ಲಿದ್ದರೆ ಸಾಕು. ಪ್ರತ್ಯೇಕವಾಗಿ ಮಾರಬಹುದಾದದ್ದು, ಪ್ರತ್ಯೇಕವಾಗಿ ಕೆಡಬಹುದಾದದ್ದು, ಪ್ರತ್ಯೇಕವಾಗಿ ವಿಮೆ ಮಾಡಿಸಿದ್ದು ಇಂಥವಕ್ಕೆ ಮಾತ್ರ ಸ್ವಂತ ಲೆಡ್ಜರ್. ಇನ್ನು ಸಾವಿರದ ಇನ್ನೂರರ ಕ್ಯಾಲ್ಕುಲೇಟರು, ಎರಡು ಸಾವಿರದ ಸ್ಟೇಬಿಲೈಸರು. ಹಳೆಯ ಕಂಪನಿ ಕಾಯ್ದೆಯಲ್ಲಿ 5,000 ರೂಪಾಯಿಯವರೆಗಿನ ವಸ್ತುವನ್ನು ಕೊಂಡ ವರ್ಷವೇ ಪೂರ್ತಿ ಸವೆಸಬಹುದಿತ್ತು. ಎರಡನೇ ಷೆಡ್ಯೂಲಿನಲ್ಲಿ ಆ ಸಾಲು ಇಲ್ಲ. ಆದರೂ ಬಹಳ ಕಂಪನಿಗಳು ಇಂತಿಷ್ಟು ರೂಪಾಯಿಗಿಂತ ಕೆಳಗಿನದು ಖರ್ಚು ಎಂಬ ಗೆರೆಯನ್ನು ತಾವೇ ಎಳೆದುಕೊಂಡಿವೆ. ಎಳೆಯಲೇಬೇಕು. ಗೆರೆ ಎಲ್ಲಿದೆ ಎನ್ನುವುದಕ್ಕಿಂತ ಪ್ರತಿ ವರ್ಷ ಅಲ್ಲೇ ಇದೆಯೇ ಎನ್ನುವುದು ಮುಖ್ಯ.

ಸವಕಳಿಯನ್ನು ಬರೆಯುವ ಬಗೆಯಲ್ಲೂ ಒಂದು ಕವಲುದಾರಿ ಇದೆ, ಇಲ್ಲಿ ಸ್ವಲ್ಪ ನಿಲ್ಲಬೇಕು. ಟ್ಯಾಲಿ ತಾನಾಗಿ ಸವಕಳಿ ಲೆಕ್ಕ ಹಾಕುವುದಿಲ್ಲ. ವರ್ಷದ ಕೊನೆಗೆ ಎಫ್7 ಒತ್ತಿ ಜರ್ನಲ್ ಎಂಟ್ರಿ ಹಾಕಬೇಕು. ಸವಕಳಿ ಖರ್ಚಿಗೆ ಡೆಬಿಟ್, ಸರಿ. ಕ್ರೆಡಿಟ್ ಯಾವುದಕ್ಕೆ? ನೇರವಾಗಿ ಓವನ್ ಲೆಡ್ಜರಿಗೇ ಕ್ರೆಡಿಟ್ ಮಾಡಿದರೆ 6 ಲಕ್ಷದ ಓವನ್ ಮರುವರ್ಷ 5,62,000 ಎಂದು ಕಾಣುತ್ತದೆ, ಅದರ ಮರುವರ್ಷ 5,24,000. ಏಳು ವರ್ಷ ಕಳೆದ ಮೇಲೆ ಇದನ್ನು ಎಷ್ಟಕ್ಕೆ ಕೊಂಡಿದ್ದು ಎಂದು ಕೇಳಿದರೆ, ಬ್ಯಾಲೆನ್ಸ್ ಶೀಟಿನ ಮೇಲ್ಮೈಯಲ್ಲಿ ಉತ್ತರವಿಲ್ಲ. ಹಳೆಯ ವರ್ಷಗಳ ಡೇಟಾ ತೆರೆಯಬೇಕು, ಅದು ಯಾವುದೋ ಸತ್ತ ಹಾರ್ಡ್ ಡಿಸ್ಕಿನಲ್ಲಿರುತ್ತದೆ. ಅದರ ಬದಲು ಅದೇ ಗ್ರೂಪಿನ ಕೆಳಗೆ ‘ಸಂಚಿತ ಸವಕಳಿ, ಯಂತ್ರೋಪಕರಣ’ ಎಂಬ ಇನ್ನೊಂದು ಲೆಡ್ಜರ್ ತೆರೆದು ಕ್ರೆಡಿಟ್ ಅಲ್ಲಿಗೆ ಹಾಕಿದರೆ ಮೂಲ ಬೆಲೆ ಅಲುಗುವುದಿಲ್ಲ, ಗ್ರೂಪಿನ ನಿವ್ವಳ ಮೊತ್ತವೂ ಸರಿಯಾಗಿಯೇ ಬರುತ್ತದೆ. ಮೂರನೇ ಷೆಡ್ಯೂಲು ಕೇಳುವುದು ಇದನ್ನೇ: ಆರಂಭದ ಮೂಲ ಬೆಲೆ, ಸೇರಿದ್ದು, ಹೋದದ್ದು, ಇದುವರೆಗಿನ ಸವಕಳಿ, ಉಳಿದದ್ದು. ಸಣ್ಣ ಪಾಲುದಾರಿಕೆ ಸಂಸ್ಥೆಗಳಿಗೆ ಈ ಕಡ್ಡಾಯವಿಲ್ಲ. ಕಡ್ಡಾಯವಿಲ್ಲದಿದ್ದರೂ ಇದೊಂದನ್ನು ಮಾಡಿ ಎಂದೇ ನಾನು ಹೇಳುವುದು.

ಈಗ ಆ ಓವನ್ ಮಾರೋಣ. 2019ರ ಏಪ್ರಿಲ್ 1ರಂದು 6 ಲಕ್ಷಕ್ಕೆ ಕೊಂಡದ್ದು. 15 ವರ್ಷ ಆಯುಸ್ಸು, 30,000 ಗುಜರಿ ಮೌಲ್ಯ, ವರ್ಷಕ್ಕೆ 38,000 ಸವಕಳಿ. 2025ರ ಮಾರ್ಚ್ 31ಕ್ಕೆ ಆರು ವರ್ಷ ಮುಗಿದು 2,28,000 ಸವೆದು, ಪುಸ್ತಕದಲ್ಲಿ 3,72,000 ಉಳಿದಿದೆ. ಗಿರಾಕಿ ಕೊಟ್ಟದ್ದು 1,50,000. ಕಂಪನಿಯ ಲೆಕ್ಕದಲ್ಲಿ 2,22,000 ನಷ್ಟ, ಆ ವರ್ಷದ ಲಾಭದಿಂದ ಕಳೆಯಬೇಕು. ತೆರಿಗೆಯ ಲೆಕ್ಕದಲ್ಲಿ ನಷ್ಟವೂ ಇಲ್ಲ, ಲಾಭವೂ ಇಲ್ಲ. ಶೇ 15ರ ಬ್ಲಾಕ್ 20 ಲಕ್ಷ ಇದ್ದರೆ ಅದು 18,50,000 ಆಗುತ್ತದೆ, ಕತೆ ಮುಗಿಯಿತು.

ಪುಸ್ತಕದಲ್ಲಿ ‘ಮೆಷಿನರಿ 15%’ ಎಂಬ ಒಂದೇ ಲೆಡ್ಜರ್ ಇದ್ದಿದ್ದರೆ? ಆ ಓವನ್‌ನ ಪಾಲು 3,72,000 ಎಂದು ಹೇಳುವವರು ಯಾರೂ ಇಲ್ಲ. ಅಕೌಂಟೆಂಟ್ ಕೈಗೆ ಬಂದ ಒಂದೂವರೆ ಲಕ್ಷವನ್ನು ಲೆಡ್ಜರಿಗೆ ಕ್ರೆಡಿಟ್ ಮಾಡಿ ಕೈತೊಳೆದುಕೊಳ್ಳುತ್ತಾನೆ. ಉಳಿದ 2,22,000 ಓವನ್ ಇಲ್ಲದ ಓವನ್ ಆಗಿ ಬ್ಯಾಲೆನ್ಸ್ ಶೀಟಿನಲ್ಲೇ ತಂಗುತ್ತದೆ, ಅದಕ್ಕೆ ವರ್ಷವರ್ಷವೂ ಸವಕಳಿ ಬೇರೆ. ಬ್ಯಾಂಕು ಸಾಲ ಕೊಡುವಾಗ ಈ ಪಿಶಾಚಿಯನ್ನೂ ಆಸ್ತಿಯೆಂದೇ ಎಣಿಸುತ್ತದೆ. ಮೋಸ ಮಾಡುವ ಉದ್ದೇಶ ಯಾರಿಗೂ ಇರಲಿಲ್ಲ, ಕೊಂಡ ದಿನ ಒಂದು ಹೆಸರಿಡಲಿಲ್ಲ ಅಷ್ಟೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಓವನ್‌ನ ಹೊರಮೈ 15 ವರ್ಷ ಬಾಳಿದರೂ ಬರ್ನರು ಐದೇ ವರ್ಷಕ್ಕೆ ಬದಲಾಗುವಂಥದ್ದಾದರೆ? 2015ರ ಏಪ್ರಿಲ್‌ನಿಂದ ಕಂಪನಿಗಳು ಹೀಗೆ ಗಣನೀಯ ಬೆಲೆಯ, ಬೇರೆ ಆಯುಸ್ಸಿನ ಬಿಡಿಭಾಗವನ್ನು ಬೇರೆಯಾಗಿಯೇ ಸವೆಸಬೇಕು. ಲಿಫ್ಟು, ಬಾಯ್ಲರು, ವಿಮಾನದ ಎಂಜಿನ್ನಿನಂಥವಕ್ಕೆ ಇದು ಅರ್ಥಪೂರ್ಣ. ಹಾಸನದ ಬೇಕರಿಗೆ? ಬರ್ನರಿನ ಬೆಲೆ ಓವನ್‌ನ ಕಾಲು ಭಾಗವಾಗಿದ್ದರೆ ಮಾಡಬೇಕು; ಇಲ್ಲವಾದರೆ ಹೊಸ ಬರ್ನರು ರಿಪೇರಿ ಖರ್ಚು.

ಬಾಡಿಗೆ ಮಳಿಗೆಯ ಟೈಲ್ಸು, ಫಾಲ್ಸ್ ಸೀಲಿಂಗು ತೆರಿಗೆಯ ಲೆಕ್ಕದಲ್ಲಿ ಬಾಡಿಗೆದಾರನದೇ ಕಟ್ಟಡವೆಂಬಂತೆ ನಡೆಯುತ್ತವೆ. ಪುಸ್ತಕದಲ್ಲಿ ಅವಕ್ಕೆ ಬೇರೆ ಗ್ರೂಪು ಇರಲಿ, ಕರಾರು ಮುಗಿದ ದಿನ ಹೊತ್ತುಕೊಂಡು ಹೋಗಲಾಗದ ಆಸ್ತಿ ಅದು. ಜಮೀನು ಮತ್ತು ಕಟ್ಟಡ ಒಂದೇ ಕ್ರಯಪತ್ರದಲ್ಲಿ ಬಂದರೂ ಎರಡು ಲೆಡ್ಜರ್ ಬೇಕೇ ಬೇಕು. ಜಮೀನಿಗೆ ಸವಕಳಿ ಇಲ್ಲವೆಂದು ಸುಪ್ರೀಂ ಕೋರ್ಟು ಆಲ್ಪ್ಸ್ ಥಿಯೇಟರ್ ಪ್ರಕರಣದಲ್ಲಿ 1967ರಲ್ಲೇ ಹೇಳಿದೆ.

ಇಷ್ಟಾದರೂ ಯಾವುದು ಯಂತ್ರ, ಯಾವುದು ಕಟ್ಟಡ ಎಂಬ ಮೂಲ ಪ್ರಶ್ನೆ ಬಗೆಹರಿಯುವುದಿಲ್ಲ. ಬಗೆಹರಿಸಲು ಹೊರಟವರ ಚರಿತ್ರೆ ಮಾತ್ರ ಸ್ವಾರಸ್ಯವಾಗಿದೆ. ತೆರಿಗೆ ಕಾನೂನಿನ ‘ಪ್ಲಾಂಟ್’ ಎಂಬ ವರ್ಗದ ಬೇರು ಹುಡುಕುತ್ತಾ ಹೋದರೆ 1887ರ ಇಂಗ್ಲೆಂಡಿನಲ್ಲಿ ಒಂದು ಪುಂಡ ಕುದುರೆ ಎದುರಾಗುತ್ತದೆ. ಬಂದರುಕಟ್ಟೆಯ ಮಾಲೀಕನ ಗಾಡಿ ಹೊಡೆಯುತ್ತಿದ್ದ ಯಾರ್ಮತ್ ಎಂಬಾತನ ಕಾಲನ್ನು ಆ ಕುದುರೆ ಒದ್ದು ಮುರಿಯಿತು. ಮಾಲೀಕನ ಸಲಕರಣೆಯಲ್ಲಿ ದೋಷವಿದ್ದರೆ ಕೆಲಸಗಾರನಿಗೆ ಪರಿಹಾರ ಕೊಡಬೇಕೆಂಬ ಕಾನೂನಿತ್ತು. ಕುದುರೆ ಸಲಕರಣೆಯೇ? ಹೌದು ಎಂದರು ನ್ಯಾಯಮೂರ್ತಿ ಲಿಂಡ್ಲಿ. ಮಾರಾಟಕ್ಕಿಟ್ಟ ಸರಕನ್ನು ಬಿಟ್ಟು, ವ್ಯಾಪಾರ ನಡೆಸಲು ಶಾಶ್ವತವಾಗಿ ಇಟ್ಟುಕೊಂಡದ್ದೆಲ್ಲ, ಜೀವವಿರಲಿ ಇಲ್ಲದಿರಲಿ, ಪ್ಲಾಂಟ್ ಎಂಬುದು ಅವರ ಅಭಿಪ್ರಾಯದ ಸಾರ.

ಆ ಕುದುರೆ ಸಮುದ್ರ ದಾಟಿ ಸಿಕಂದರಾಬಾದಿಗೂ ಬಂತು. ಅಲ್ಲಿನ ತಾಜ್ ಮಹಲ್ ಹೋಟೆಲಿನ ಶೌಚಾಲಯದ ಸಾಮಗ್ರಿ ಮತ್ತು ನೀರಿನ ಪೈಪುಗಳು ಕಟ್ಟಡದ ಭಾಗವೋ ಪ್ಲಾಂಟೋ ಎಂಬ ತಕರಾರು 1971ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹೋಟೆಲು ನಡೆಸುವವನಿಗೆ ಅವು ಬರೀ ಕಟ್ಟಡದ ಅಲಂಕಾರವಲ್ಲ, ವ್ಯಾಪಾರದ ಸಾಧನ ಎಂದು ಕೋರ್ಟು ತೀರ್ಪು ಕೊಟ್ಟಿತು. ಅದೇ ಕೊಳಾಯಿ ವಕೀಲರ ಕಚೇರಿಯಲ್ಲಿದ್ದರೆ ಕಟ್ಟಡ, ಹೋಟೆಲಿನಲ್ಲಿದ್ದರೆ ಪ್ಲಾಂಟ್ ಎಂಬಂತಾಯಿತು.

ಕರ್ನಾಟಕದಿಂದ ಹೋದ ಪ್ರಕರಣಗಳೂ ಈ ಚರಿತ್ರೆಯಲ್ಲಿವೆ. ಕರ್ನಾಟಕ ವಿದ್ಯುತ್ ನಿಗಮದ ಮೊಕದ್ದಮೆಯಲ್ಲಿ, ವಿಶೇಷ ತಾಂತ್ರಿಕ ಅಗತ್ಯಕ್ಕೆಂದೇ ವಿನ್ಯಾಸ ಮಾಡಿ ಕಟ್ಟಿದ ವಿದ್ಯುದಾಗಾರದ ಕಟ್ಟಡವೂ ಪ್ಲಾಂಟ್ ಆಗಬಹುದೆಂದು ಸುಪ್ರೀಂ ಕೋರ್ಟು ಹೇಳಿತು. ಆದರೆ ಸಿನಿಮಾ ಮಂದಿರ ಮತ್ತು ಹೋಟೆಲಿನ ಕಟ್ಟಡ ಪ್ಲಾಂಟ್ ಅಲ್ಲ ಎಂದು 2000ದ ಆನಂದ್ ಥಿಯೇಟರ್ಸ್ ತೀರ್ಪು. ಕೊನೆಗೆ ಸಂಸತ್ತೇ ಬೇಸತ್ತಿತೋ ಏನೋ, 2003ರ ಹಣಕಾಸು ಕಾಯ್ದೆಯ ಮೂಲಕ ಕಟ್ಟಡ ಮತ್ತು ಪೀಠೋಪಕರಣ ಪ್ಲಾಂಟ್‌ನಲ್ಲಿ ಸೇರುವುದಿಲ್ಲವೆಂದು ಬರೆದುಬಿಟ್ಟಿತು. ಹಡಗು, ವಾಹನ, ಪುಸ್ತಕ, ವೈಜ್ಞಾನಿಕ ಉಪಕರಣ, ಶಸ್ತ್ರಚಿಕಿತ್ಸೆಯ ಸಾಧನ ಒಳಗೆ. ಚಹಾ ಗಿಡ ಮತ್ತು ಜಾನುವಾರು ಹೊರಗೆ. ಲಿಂಡ್ಲಿಯ ಕುದುರೆಗೆ ಭಾರತದ ತೆರಿಗೆ ಕಾನೂನಿನಲ್ಲಿ ಈಗ ಜಾಗವಿಲ್ಲ.

ಇದನ್ನೆಲ್ಲ ಹೇಳಿದ್ದು ವರ್ಗೀಕರಣವೆಂಬುದು ಮೆನುವಿನಿಂದ ಆರಿಸುವ ಕೆಲಸವಲ್ಲ ಎಂದು ತೋರಿಸಲು. ಬೇಕರಿಯ ಗಾಜಿನ ಕೌಂಟರು ಪೀಠೋಪಕರಣ. ಅದರೊಳಗೆ ಕೇಕು ತಂಪಾಗಿಡುವ ಕಂಪ್ರೆಸರು ಇದ್ದರೆ ಯಂತ್ರವೆಂದು ವಾದಿಸಬಹುದು. ಆ ವಾದವನ್ನು ಕೊಂಡ ವರ್ಷವೇ ಎರಡು ಸಾಲಿನಲ್ಲಿ ಬರೆದಿಡಿ. ಟ್ಯಾಲಿಯ ಪ್ರತಿ ವೋಚರಿನ ಕೆಳಗೆ ವಿವರಣೆಗೆಂದು ಜಾಗವಿದೆ, ‘ಬೀಯಿಂಗ್ ಬಿಲ್ ಪೇಯ್ಡ್’ ಎಂದಷ್ಟೇ ಬರೆದು ಆ ಜಾಗವನ್ನು ನಾವು ಹಾಳು ಮಾಡುತ್ತೇವೆ. ಕಂಪನಿಗಳ ತಂತ್ರಾಂಶದಲ್ಲಿ 2023ರ ಏಪ್ರಿಲ್‌ನಿಂದ ಪ್ರತಿ ತಿದ್ದುಪಡಿಯ ಜಾಡು ಉಳಿಯುವುದು ಕಡ್ಡಾಯ. ಐದು ವರ್ಷದ ಮೇಲೆ ಗ್ರೂಪು ಬದಲಿಸಿದರೆ ಬದಲಿಸಿದ್ದು ಕಾಣುತ್ತದೆ, ಯಾಕೆಂದು ಮಾತ್ರ ಕಾಣುವುದಿಲ್ಲ.

ಬೇಕರಿಯಿಂದ ಸ್ವಲ್ಪ ದೂರ, ಸಕಲೇಶಪುರದ ಘಟ್ಟದ ಕಡೆ ಹೋದರೆ ವಿಂಗಡಣೆಯ ನಿಜವಾದ ಕಸರತ್ತು ಕಾಫಿ ತೋಟದಲ್ಲಿದೆ. ವರ್ಷವರ್ಷ ಫಸಲು ಕೊಡುವ, ತಾನೇ ಮಾರಾಟವಾಗದ ಗಿಡವನ್ನು 2016ರಿಂದ ನಮ್ಮ ಲೆಕ್ಕಪತ್ರ ಮಾನದಂಡಗಳು ಸ್ಥಿರ ಆಸ್ತಿಯೆಂದೇ ಎಣಿಸುತ್ತವೆ. ಹಾಗಾಗಿ ಕಂಪನಿಯ ತೋಟದಲ್ಲಿ ಕಾಫಿ ಗಿಡವೂ ಓವನ್ನೂ ಒಂದೇ ಜಾತಿ. ಸಸಿ ನೆಟ್ಟು ಫಸಲು ಬರುವವರೆಗಿನ ಮೂರು-ನಾಲ್ಕು ವರ್ಷದ ಖರ್ಚು ಕಟ್ಟುತ್ತಿರುವ ಕಟ್ಟಡದ ಖರ್ಚಿನಂತೆ ಜಮೆಯಾಗಿ, ಆಮೇಲೆ ಸವಕಳಿ ಶುರು. ಅದಕ್ಕೆ ನೆರಳು ಕೊಡುವ ಸಿಲ್ವರ್ ಓಕನ್ನು ಮುಂದೆ ಕಡಿದು ಮಾರುವ ಉದ್ದೇಶವಿದ್ದರೆ ಅದು ಈ ಗುಂಪಿಗೆ ಸೇರದು. ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ ಮತ್ತೆ ಸ್ಥಿರ ಆಸ್ತಿ. ಗಿಡದ ಮೇಲಿನ ಕಾಫಿ ಹಣ್ಣು, ದೊಡ್ಡ ಕಂಪನಿಗಳಲ್ಲಿ, ಮಾರುಕಟ್ಟೆ ಬೆಲೆಯಲ್ಲಿ ಅಳೆಯಬೇಕಾದ ಜೈವಿಕ ಆಸ್ತಿ. ಹತ್ತಡಿ ಜಾಗದಲ್ಲಿ ಒಂದನ್ನೊಂದು ಅಪ್ಪಿಕೊಂಡು ನಿಂತ ಮೂರು ಗಿಡಗಳಿಗೆ ಬೇರೆ ಬೇರೆ ಗ್ರೂಪು! ‘ಫಿಕ್ಸೆಡ್ ಅಸೆಟ್ಸ್‌ಗೆ ಹಾಕಿಡು’ ಎನ್ನುವ ಉತ್ತರ ಇಲ್ಲಿ ನಡೆಯುವುದಿಲ್ಲ.

ದೊಡ್ಡ ತಂತ್ರಾಂಶಗಳು ಈ ಕಗ್ಗಂಟನ್ನು ಬಿಡಿಸುವ ರೀತಿ ನೋಡಿದರೆ ಮೇಲೆ ಹೇಳಿದ ಚೀಟಿಯ ತತ್ವವೇ ಕಾಣುತ್ತದೆ. ಸ್ಯಾಪ್‌ನಲ್ಲಿ ಪ್ರತಿ ಆಸ್ತಿಗೂ ಒಂದು ಸ್ವಂತ ದಾಖಲೆ. ಅದರ ಮೇಲೆ ಹಲವು ಸವಕಳಿ ಲೆಕ್ಕಗಳು ಏಕಕಾಲಕ್ಕೆ ಓಡುತ್ತವೆ, ಒಂದು ಕಂಪನಿ ಪುಸ್ತಕಕ್ಕೆ, ಇನ್ನೊಂದು ತೆರಿಗೆಗೆ. ನಮ್ಮ ಬ್ಲಾಕ್ ಪದ್ಧತಿಗಾಗಿ ಹಲವು ಆಸ್ತಿಗಳನ್ನು ಒಟ್ಟುಗೂಡಿಸುವ ವ್ಯವಸ್ಥೆಯೂ ಅದರಲ್ಲಿದೆ. ಮುಂಬೈಯಲ್ಲಿ ಹುಟ್ಟಿದ ಇಆರ್‌ಪಿನೆಕ್ಸ್ಟ್ ಇದನ್ನೇ ಉಚಿತವಾಗಿ ಕೊಡುತ್ತದೆ: ವರ್ಗ, ಸ್ಥಳ, ಒಂದೇ ವಸ್ತುವಿಗೆ ಎರಡು ಪುಸ್ತಕದ ಸವಕಳಿ. ಟ್ಯಾಲಿ ಬಳಸುವವರು ಎರಡನೇ ಪುಸ್ತಕವನ್ನು ಎಕ್ಸೆಲ್ಲಿನಲ್ಲಿ ಇಟ್ಟುಕೊಳ್ಳುತ್ತಾರೆ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಕ್ವಿಕ್‌ಬುಕ್ಸ್ 2023ರಲ್ಲಿ ಭಾರತದ ಅಂಗಡಿ ಮುಚ್ಚಿದಾಗ ನೆಮ್ಮದಿಯಾಗಿದ್ದವರು ಆಸ್ತಿ ಪಟ್ಟಿಯನ್ನು ಹೊರಗೂ ಇಟ್ಟುಕೊಂಡಿದ್ದವರೇ. ಕಟ್ಟಡಕ್ಕೆ 60 ವರ್ಷ ಆಯುಸ್ಸು ಬರೆಯುತ್ತೇವೆ, ಯಾವ ತಂತ್ರಾಂಶಕ್ಕೂ ಅಷ್ಟು ಆಯುಸ್ಸಿಲ್ಲ.

ಆ ಎಕ್ಸೆಲ್ ಹಾಳೆಯಲ್ಲಿ ಏನಿರಬೇಕು? ವಸ್ತುವಿನ ಸಂಖ್ಯೆ ಮೊದಲು. ಅದೇ ಸಂಖ್ಯೆ ಲೆಡ್ಜರಿನ ಹೆಸರಿನಲ್ಲೂ, ವಸ್ತುವಿನ ಬೆನ್ನಿನ ಸ್ಟಿಕ್ಕರಿನಲ್ಲೂ ಇರಬೇಕು. ಸರ್ಕಾರಿ ಶಾಲೆಯ ಬೆಂಚಿನ ಬದಿಗೆ ಬಿಳಿ ಬಣ್ಣದಲ್ಲಿ ಬರೆದ ನಂಬರೂ ಡೆಡ್ ಸ್ಟಾಕ್ ರಿಜಿಸ್ಟರಿನ ಸಾಲೂ ಒಂದಕ್ಕೊಂದು ಹೊಂದುತ್ತಿದ್ದವಲ್ಲ, ಆ ಏರ್ಪಾಡನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ಬಿಲ್ಲಿನ ತಾರೀಖಿನ ಜೊತೆ ಬಳಕೆಗೆ ಬಂದ ತಾರೀಖು ಬೇರೆ ಇರಲಿ. ತೆರಿಗೆಯಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ ವರ್ಷ ಅರ್ಧ ಸವಕಳಿ ಮಾತ್ರ; 8 ಲಕ್ಷದ ವ್ಯಾನು ಸೆಪ್ಟೆಂಬರಿನಲ್ಲಿ ರಸ್ತೆಗಿಳಿದರೆ 1,20,000, ದೀಪಾವಳಿಯ ಹೊತ್ತಿಗೆ ಇಳಿದರೆ 60,000. ಹೇಗೆ ದುಡ್ಡು ಕೊಟ್ಟದ್ದು ಎಂಬುದಕ್ಕೂ ಒಂದು ಕಾಲಮ್ಮು ಬೇಕು. ಒಂದೇ ದಿನ ಒಬ್ಬರಿಗೆ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟು ಕೊಂಡ ಭಾಗ ತೆರಿಗೆಯ ಲೆಕ್ಕದಲ್ಲಿ ಬೆಲೆಯೇ ಅಲ್ಲ. ಪಡೆದ ಜಿಎಸ್‌ಟಿ ಕ್ರೆಡಿಟ್ ಎಷ್ಟೆಂದೂ ಇರಲಿ. ಐದು ವರ್ಷದೊಳಗೆ ಮಾರಿದರೆ ಅದರ ಲೆಕ್ಕ ಮತ್ತೆ ತೆರೆಯಬೇಕಾಗುತ್ತದೆ.

ಆಸ್ತಿಯ ಕಾಗದ ಯಾರ ಹೆಸರಿನಲ್ಲಿದೆ ಎಂಬ ಕಾಲಮ್ಮನ್ನು ಹೆಚ್ಚಿನವರು ಬಿಡುತ್ತಾರೆ. ಮೈಸೂರು ಮಿನರಲ್ಸ್ ಕಂಪನಿ ತನ್ನ ನೌಕರರಿಗೆಂದು ಹೌಸಿಂಗ್ ಬೋರ್ಡಿನಿಂದ ಏಳು ಮನೆ ಕೊಂಡಿತ್ತು. ಹಣ ಕೊಟ್ಟಾಗಿತ್ತು, ಕೀಲಿ ಕೈಗೆ ಬಂದಿತ್ತು, ಕ್ರಯಪತ್ರ ಮಾತ್ರ ಆಗಿರಲಿಲ್ಲ. ಪತ್ರವಿಲ್ಲದವನು ಮಾಲೀಕನಲ್ಲ, ಸವಕಳಿ ಇಲ್ಲ ಎಂದಿತು ಇಲಾಖೆ. ಸ್ವಾಧೀನವಿದ್ದು ಮಾಲೀಕನಂತೆ ಅನುಭವಿಸುತ್ತಿರುವವನಿಗೆ ಸವಕಳಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು 1999ರಲ್ಲಿ ಕಂಪನಿಯ ಪರ ತೀರ್ಪು ಕೊಟ್ಟಿತು. ಹಾಗೆಂದು ಕಾಗದ ಮರೆಯುವಂತಿಲ್ಲ: ಲೆಕ್ಕಪರಿಶೋಧಕರಿಗೆ ಅನ್ವಯವಾಗುವ 2020ರ ಕಾರೋ ಆದೇಶದ ಮೊದಲ ಅಂಶವೇ ಸ್ಥಿರ ಆಸ್ತಿ. ಎಷ್ಟಿದೆ, ಎಲ್ಲಿದೆ ಎಂಬ ದಾಖಲೆ ಇದೆಯೇ, ಖುದ್ದು ಎಣಿಸಿದ್ದಾರೆಯೇ, ಜಮೀನು-ಕಟ್ಟಡದ ಪತ್ರ ಕಂಪನಿಯ ಹೆಸರಿನಲ್ಲಿದೆಯೇ ಎಂದು ಅದು ಕೇಳುತ್ತದೆ. ಸಣ್ಣ ಪ್ರೈವೇಟ್ ಕಂಪನಿಗಳಿಗೆ ಅದರಿಂದ ವಿನಾಯಿತಿ ಇದೆ, ಆದರೆ ಸಾಲ ಕೊಡುವ ಬ್ಯಾಂಕಿನವರು ಅದೇ ಪ್ರಶ್ನೆಗಳನ್ನು ಕೇಳದೆ ಬಿಡುವುದಿಲ್ಲ.

ಎಣಿಕೆಗೆ ಮಾರ್ಚ್ 31ನ್ನೇ ಕಾಯಬೇಕಿಲ್ಲ. ವ್ಯಾಪಾರ ಕಡಿಮೆಯಿರುವ ಒಂದು ಮಧ್ಯಾಹ್ನ ಇಬ್ಬರು ಹೊರಡಲಿ, ಒಬ್ಬರ ಕೈಯಲ್ಲಿ ಪಟ್ಟಿ, ಇನ್ನೊಬ್ಬರು ಪಟ್ಟಿ ನೋಡದೆ ಕಣ್ಣಿಗೆ ಬಿದ್ದದ್ದನ್ನು ಬರೆದುಕೊಳ್ಳುವವರು. ಎರಡನ್ನೂ ಹೋಲಿಸಿದಾಗ ಪಟ್ಟಿಯಲ್ಲಿದ್ದು ಕಾಣದವೂ, ಕಂಡು ಪಟ್ಟಿಯಲ್ಲಿಲ್ಲದವೂ ಸಿಗುತ್ತವೆ. ಕಾಣದ್ದರ ಲೆಡ್ಜರನ್ನು ಅಳಿಸಲು ಹೋಗಬೇಡಿ. ವೋಚರ್ ಇರುವ ಲೆಡ್ಜರನ್ನು ಟ್ಯಾಲಿ ಅಳಿಸಲು ಬಿಡುವುದೂ ಇಲ್ಲ. ಮೂಲ ಬೆಲೆಯನ್ನೂ ಸಂಚಿತ ಸವಕಳಿಯನ್ನೂ ಜರ್ನಲ್ ಎಂಟ್ರಿಯಲ್ಲಿ ತೆಗೆದು, ಉಳಿದದ್ದನ್ನು ನಷ್ಟಕ್ಕೆ ಬರೆದು, ಹೆಸರಿನ ಮುಂದೆ ‘ವಿಲೇವಾರಿ 2025’ ಎಂದು ಸೇರಿಸಿ. ತೆರಿಗೆಯ ಬ್ಲಾಕಿನಿಂದ ಏನೂ ಕಳೆಯಬೇಕಿಲ್ಲ, ಕಳೆದುಹೋದ ವಸ್ತುವಿಗೆ ಯಾರೂ ದುಡ್ಡು ಕೊಟ್ಟಿಲ್ಲವಲ್ಲ. ಪಟ್ಟಿಯಲ್ಲಿಲ್ಲದೆ ಸಿಕ್ಕ ಎರಡನೇ ಮಿಕ್ಸರಿಗೆ ಮೊದಲು ಬಿಲ್ಲು ಹುಡುಕಿ. ಬಹುಶಃ ಅದು ಮೂರು ವರ್ಷದ ಹಿಂದಿನ ರಿಪೇರಿ ಖರ್ಚಿನಲ್ಲಿರುತ್ತದೆ.